ವಿದೇಶಿ ಬ್ರೆಡ್ ರೆಸಿಪಿಗೆ ಅಂಗಡಿ ಮೈದಾ ಸುರಿಯುವ ಮುಂಚೆ ಇದನ್ನು ಓದಿ

ಬಳ್ಳಾರಿಯಲ್ಲಿ ಮನೆಯಲ್ಲೇ ಬ್ರೆಡ್ಡು, ಕೇಕು ಮಾಡಿ ಮಾರುವವರೊಬ್ಬರ ಇಡೀ ಆರ್ಡರ್ ಈ ಬೇಸಿಗೆಯಲ್ಲಿ ಕಸಕ್ಕೆ ಹೋಯಿತು. ರೆಸಿಪಿ ಅಮೆರಿಕದ್ದು: 500 ಗ್ರಾಂ ಬ್ರೆಡ್ ಫ್ಲೋರ್, 375 ಗ್ರಾಂ ನೀರು. ಹಾಕಿದ್ದು ಕಿರಾಣಿ ಅಂಗಡಿಯ ಸಾದಾ ಮೈದಾ. ಕಣಕ ದೋಸೆ ಹಿಟ್ಟಿನಂತೆ ಸಡಿಲವಾಗಿ ಕೈಬೆರಳಿಗೆಲ್ಲ ಮೆತ್ತಿಕೊಂಡಿತು. ಗಟ್ಟಿಯಾಗಲೆಂದು ಮೇಲೆ ಮೇಲೆ ಹಿಟ್ಟು ಉದುರಿಸಿದ್ದರಿಂದ ಉಪ್ಪು, ಈಸ್ಟಿನ ಲೆಕ್ಕವೂ ತಪ್ಪಿತು. ಬೆಂದ ಬ್ರೆಡ್ ಮೇಲೇಳದೆ ಅಗಲಕ್ಕೆ ಹರಡಿ, ಒಳಗೆ ಹಸಿಹಸಿಯಾಗಿ ಉಳಿಯಿತು. ಓವನ್ ಸರಿಯಿತ್ತು, ಈಸ್ಟ್ ಸರಿಯಿತ್ತು. ಹಿಟ್ಟು ಬೇರೆಯಾಗಿದ್ದರೂ ನೀರು ಮಾತ್ರ ರೆಸಿಪಿಯಲ್ಲಿದ್ದಷ್ಟೇ ಬಿದ್ದಿತ್ತು. ದುಡ್ಡು ಹೋದರೆ ಮತ್ತೆ ದುಡಿಯಬಹುದು. ಆದರೆ ಹೀಗೆ ಒಂದೆರಡು ಸಲ ಕೆಟ್ಟ ಮೇಲೆ, ಇದು ನಮ್ಮ ಕೈಗೆ ಹತ್ತುವ ಕೆಲಸವಲ್ಲ ಎಂದು ಬಿಟ್ಟೇಬಿಡುವವರಿದ್ದಾರೆ. ಅದು ನಿಜಕ್ಕೂ ಬೇಸರದ ವಿಷಯ.

ಅಮೆರಿಕದ ಬ್ರೆಡ್ ಫ್ಲೋರ್‌ನಲ್ಲಿ ಪ್ರೋಟೀನ್ ಶೇ 12ರಿಂದ 13ರಷ್ಟು ಇರುತ್ತದೆ. ಬ್ರಿಟನ್ನಿನವರು ಸ್ಟ್ರಾಂಗ್ ಫ್ಲೋರ್ ಎನ್ನುವುದೂ ಇದನ್ನೇ. ನಮ್ಮಲ್ಲಿ ಸಿಗುವ ಮೈದಾ ಪ್ಯಾಕೆಟ್ಟಿನ ಹಿಂಬದಿ ನೋಡಿ, 100 ಗ್ರಾಂಗೆ ಸಾಮಾನ್ಯವಾಗಿ 10–11 ಗ್ರಾಂ ಎಂದಿರುತ್ತದೆ. ಪ್ರೋಟೀನ್ ಕಡಿಮೆಯಾದರೆ ಕಣಕಕ್ಕೆ ಎಳೆತ ಕೊಡುವ ಅಂಟು, ಅಂದರೆ ಗ್ಲುಟೆನ್ ಕಡಿಮೆ, ಹಿಟ್ಟು ಹಿಡಿಯುವ ನೀರೂ ಕಡಿಮೆ. ಆದ್ದರಿಂದ 500 ಗ್ರಾಂ ಮೈದಾಕ್ಕೆ 300 ಗ್ರಾಂ ನೀರಿನಿಂದ ಶುರು ಮಾಡಿ, ಹದ ನೋಡುತ್ತ ಹತ್ತತ್ತು ಗ್ರಾಂ ಸೇರಿಸಿ. ಹಾಕಿದ ನೀರನ್ನು ವಾಪಸ್ ತೆಗೆಯಲು ಬರುವುದಿಲ್ಲ. ರೆಸಿಪಿಯಂಥದೇ ಬ್ರೆಡ್ ಬೇಕೆಂದರೆ 480 ಗ್ರಾಂ ಮೈದಾಕ್ಕೆ 20 ಗ್ರಾಂ ಗ್ಲುಟೆನ್ ಪುಡಿ ಬೆರೆಸಿ. ಒಣಗಿದ್ದಾಗಲೇ ಚೆನ್ನಾಗಿ ಕಲಸಿಕೊಳ್ಳಬೇಕು. ಒದ್ದೆ ಕಣಕಕ್ಕೆ ಹಾಕಿದರೆ ರಬ್ಬರಿನ ಗಂಟುಗಳಾಗುತ್ತವೆ, ಎಷ್ಟು ನಾದಿದರೂ ಕರಗುವುದಿಲ್ಲ.

ಬಿಡಿ ಮೈದಾ ತಂದಿದ್ದರೆ ಪರೀಕ್ಷೆ ಹೀಗೆ: 100 ಗ್ರಾಂ ಹಿಟ್ಟಿಗೆ 60 ಗ್ರಾಂ ನೀರು ಹಾಕಿ ನಾದಿ, ಉಂಡೆ ಮಾಡಿ, ನೀರಲ್ಲಿ ಮುಳುಗಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಬೋಗುಣಿಯಲ್ಲಿ ನೀರು ಬದಲಿಸುತ್ತ, ಉಂಡೆಯನ್ನು ಹಿಚುಕಿ ತೊಳೆಯಿರಿ. ಹಾಲಿನ ಬಣ್ಣದ ನೀರೆಲ್ಲ ಪಿಷ್ಟ. ನೀರು ತಿಳಿಯಾದಾಗ ಕೈಯಲ್ಲಿ ಉಳಿಯುವ, ಎಳೆದರೆ ಎಳೆಯಾಗಿ ಬರುವ ಬೂದುಬಣ್ಣದ ಮುದ್ದೆಯೇ ಗ್ಲುಟೆನ್. ಒತ್ತಿ ನೀರು ತೆಗೆದು ತೂಗಿ. 30 ಗ್ರಾಂ ದಾಟಿದರೆ ಬ್ರೆಡ್ಡಿಗೆ ಬಳಸಬಹುದು. 25ಕ್ಕಿಂತ ಕೆಳಗಿದ್ದರೆ ಕೇಕು, ಬಿಸ್ಕತ್ತಿಗೇ ಇಡಿ.

ಯುರೋಪಿನ ಹಿಟ್ಟಿನ ನಂಬರುಗಳು ಇನ್ನೊಂದು ಬಲೆ. ಜರ್ಮನಿಯ 405, 550, ಫ್ರಾನ್ಸಿನ ಟಿ55, ಇಟಲಿಯ 00 ಇವ್ಯಾವುವೂ ಪ್ರೋಟೀನ್ ಲೆಕ್ಕವಲ್ಲ. 100 ಗ್ರಾಂ ಒಣ ಹಿಟ್ಟನ್ನು ಸುಟ್ಟರೆ ಎಷ್ಟು ಬೂದಿ ಉಳಿಯುತ್ತದೆ ಎಂಬುದರ ಮೇಲೆ ಅವು ನಿಂತಿವೆ. 550 ಎಂದರೆ ಸುಮಾರು 550 ಮಿಲಿಗ್ರಾಂ. ನಂಬರು ಏರಿದಷ್ಟೂ ತೌಡಿನ ಅಂಶ ಹೆಚ್ಚು. ಹಾಗಾಗಿ 00 ಅಂದರೆ ಮೈದಾ ಎಂದು ಕಣ್ಣು ಮುಚ್ಚಿ ಹಾಕಬೇಡಿ. ಎರಡು ಗಂಟೆಯಲ್ಲಿ ಮುಗಿಯುವ ಪಿಜ್ಜಾಕ್ಕೆ ಮೈದಾ ನಡೆಯುತ್ತದೆ, 24 ಗಂಟೆ ಹುದುಗಿಸುವ ಪಿಜ್ಜಾದಲ್ಲಿ ಅದರ ಗ್ಲುಟೆನ್ ಸೋತು ಕಣಕ ಕುಸಿಯುತ್ತದೆ.

ಹೋಲ್ ವೀಟ್ ಎಂದಿದ್ದಲ್ಲಿ ಗಿರಣಿಯ ಗೋಧಿ ಹಿಟ್ಟು ಹಾಕಿದರೆ ತೊಂದರೆ ಉಲ್ಟಾ. ಕಲ್ಲಿನಲ್ಲಿ ಒತ್ತಿ ಬೀಸುವಾಗ ಪಿಷ್ಟದ ಕಣಗಳು ಒಡೆಯುವುದರಿಂದ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ. ರೆಸಿಪಿಯಲ್ಲಿ 350 ಗ್ರಾಂ ಇದ್ದರೆ 25ರಿಂದ 50 ಗ್ರಾಂ ಜಾಸ್ತಿ ಬೇಕಾಗಬಹುದು. ರಾಯಚೂರು, ಕೊಪ್ಪಳದ ಕಡೆ ಗಿರಣಿಗಳಲ್ಲಿ ಹೆಚ್ಚಾಗಿ ಬೀಸುವುದು ಜೋಳ. ಜೋಳದ ಸರದಿ ಮುಗಿದ ಕೂಡಲೇ ನಿಮ್ಮ ಗೋಧಿ ಹಾಕಿದರೆ ಮೊದಲು ಬೀಳುವ ಹಿಟ್ಟಿನಲ್ಲಿ ಜೋಳ ಇದ್ದೇ ಇರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಚಪಾತಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಬ್ರೆಡ್ ಮಾತ್ರ ಬಿರುಕು ಬಿಡುತ್ತದೆ. ಮೊದಲ ಹಿಟ್ಟು ಬೇರೆ ಚೀಲಕ್ಕೆ ಹಿಡಿಯಿರಿ ಎಂದು ಗಿರಣಿಯವರಿಗೆ ಮುಂಚೆಯೇ ಹೇಳಿ.

ಕಾರ್ನ್ ಫ್ಲೋರ್ ಅಂತ ಇದ್ದರೆ ಮೊದಲು ಯಾವ ದೇಶದ ರೆಸಿಪಿ ಎಂದು ನೋಡಿ. ಬ್ರಿಟನ್ನಿನದಾದರೆ ನಮ್ಮ ಅಂಗಡಿಯ ಬಿಳಿ ಪಿಷ್ಟವೇ. ಅಮೆರಿಕದ್ದಾದರೆ ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು. ಒಂದರ ಬದಲು ಇನ್ನೊಂದು ಬಿದ್ದರೆ ತಿನ್ನಲಾಗದು. ಜಪಾನಿನ ಮೋಚಿಯಂಥ ತಿಂಡಿಗೆ ಅಂಟು ಅಕ್ಕಿಯ ಹಿಟ್ಟೇ ಬೇಕು. ಗಂಗಾವತಿ, ಸಿಂಧನೂರಿನ ಸೋನಾ ಮಸೂರಿ ಎಷ್ಟೇ ಒಳ್ಳೆಯದಿದ್ದರೂ ಆ ಎಳೆತ ಬರುವುದಿಲ್ಲ.

ಬ್ರಿಟನ್ನಿನ ಸೆಲ್ಫ್ ರೈಸಿಂಗ್ ಫ್ಲೋರ್ (ಬೇಕಿಂಗ್ ಪೌಡರ್ ಬೆರೆಸಿಯೇ ಮಾರುವ ಹಿಟ್ಟು) ಬದಲಿಗೆ 150 ಗ್ರಾಂ ಮೈದಾಕ್ಕೆ 2 ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿಯಿರಿ. ಅಮೆರಿಕದ್ದಕ್ಕೆ 120 ಗ್ರಾಂಗೆ ಒಂದೂವರೆ ಟೀ ಚಮಚ ಪೌಡರ್, ಕಾಲು ಚಮಚ ಉಪ್ಪು. ಕೇಕ್ ಫ್ಲೋರ್ ಕೇಳಿದ್ದರೆ 105 ಗ್ರಾಂ ಮೈದಾ, 15 ಗ್ರಾಂ ಬಿಳಿ ಕಾರ್ನ್ ಫ್ಲೋರ್. ಆದರೆ ಸಕ್ಕರೆಯ ತೂಕ ಹಿಟ್ಟಿಗಿಂತ ಹೆಚ್ಚಿರುವ ಅಮೆರಿಕನ್ ಕೇಕುಗಳು ಅಲ್ಲಿನ ಬ್ಲೀಚ್ ಮಾಡಿದ ಹಿಟ್ಟನ್ನು ನಂಬಿಕೊಂಡಿರುತ್ತವೆ. ಈ ಬೆರಕೆಯಲ್ಲಿ ಅವು ನಡುವೆ ಕುಸಿಯಬಹುದು, ಆರ್ಡರಿಗೆ ಅಂಥವನ್ನು ಆರಿಸಿಕೊಳ್ಳಬೇಡಿ.

ಕಪ್ಪಿನ ಅಳತೆ ಬಿಟ್ಟು ತಕ್ಕಡಿ ಹಿಡಿಯಿರಿ. ಅಮೆರಿಕದ ಕಪ್ಪು ಸುಮಾರು 240 ಮಿಲಿ, ಆಸ್ಟ್ರೇಲಿಯಾದ್ದು 250. ಹಿಟ್ಟಿನ ಡಬ್ಬಿಗೇ ಕಪ್ಪು ಅದ್ದಿ ತುಂಬಿದರೆ 120 ಗ್ರಾಂ ಬರಬೇಕಾದಲ್ಲಿ 150 ಗ್ರಾಂವರೆಗೂ ಬರುತ್ತದೆ.

ಕೊನೆಗೆ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಕಣಕ ಉಬ್ಬಲು ರೆಸಿಪಿ ಹೇಳುವ ಒಂದೂವರೆ ಗಂಟೆಯನ್ನು ನಂಬಬೇಡಿ. ತಣ್ಣೀರಿನಲ್ಲಿ ಕಲಸಿ, ನೇರ ಗೋಡೆಯ ಡಬ್ಬಿಯಲ್ಲಿ ಇಟ್ಟು ಹೊರಗೆ ಗುರುತು ಹಾಕಿ. ಎರಡು ಪಟ್ಟು ಮುಟ್ಟಿದ ತಕ್ಷಣ, ಗಡಿಯಾರ ಏನೇ ಹೇಳಲಿ, ಮುಂದಿನ ಹಂತಕ್ಕೆ ಹೋಗಿ.