ಮಲ್ಲೇಶ್ವರದ ಅಂಗಡಿಯಲ್ಲಿ ಮೋಖಾ ಬಂದರಿನ ಕಾಫಿ

ಮಲ್ಲೇಶ್ವರದ ಅಡ್ಡರಸ್ತೆಯೊಂದರ ಪುಟ್ಟ ಕಾಫಿಪುಡಿ ಅಂಗಡಿಯಲ್ಲಿ ಚಿಕ್ಕಮಗಳೂರಿನ ಬೀಜಗಳ ಪಕ್ಕದಲ್ಲೇ ಯೆಮನ್ ದೇಶದ ‘ಮೋಖಾ’ ಬೀಜಗಳನ್ನೂ ಹುರಿದು ಮಾರುತ್ತಾರೆ. ಹಣ್ಣಿನ ಸಿಪ್ಪೆಯೊಂದಿಗೇ ಒಣಗಿಸಿದ ಈ ಬೀಜದ ಕಷಾಯದಲ್ಲಿ ಒಣದ್ರಾಕ್ಷಿಯ ಹುಳಿಸಿಹಿ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಹಾಲು ಬೆರೆಸಿದರೆ ಅದು ಅಡಗಿಹೋಗುವುದರಿಂದ ಬರೀ ಡಿಕಾಕ್ಷನ್ ಕುಡಿಯುವುದೇ ಸರಿ.

ಪೊಟ್ಟಣದ ಮೇಲಿನ ಬರಹ ಮಾತ್ರ ನನಗೆ ಬೇಸರ ತಂದಿತು. ಬೀಜ ಮೋಖಾದಲ್ಲಿ ಬೆಳೆದದ್ದೆಂದು ಅಲ್ಲಿ ಅಚ್ಚಾಗಿದೆ. ಕೆಂಪು ಸಮುದ್ರದ ದಡದ ಆ ಸುಡುಮರಳಿನ ಊರಿನಲ್ಲಿ ಕಾಫಿ ಬೆಳೆಯುವುದಿಲ್ಲ. ಒಳನಾಡಿನ ಬೆಟ್ಟಗಳಲ್ಲಿ ಬೆಳೆದದ್ದು ಬೈತ್ ಅಲ್ ಫಕೀಹ್ ಸಂತೆಯ ಮೂಲಕ ಬಂದರಿಗೆ ಇಳಿಯುತ್ತಿತ್ತು. 17 ಮತ್ತು 18ನೆಯ ಶತಮಾನಗಳಲ್ಲಿ ಗುಜರಾತಿನ ಬನಿಯಾ ವರ್ತಕರು, ಡಚ್ಚರು, ಇಂಗ್ಲಿಷರು ಅಲ್ಲಿ ವ್ಯಾಪಾರಕ್ಕೆ ನೆಲೆಸಿದ್ದರು. ದೊಡ್ಡ ವರ್ತಕರು ತಮ್ಮ ಮನೆಗಳಲ್ಲೇ ವಹಿವಾಟು ನಡೆಸುತ್ತಿದ್ದರು. ಬೇರೆ ನಾಡುಗಳಲ್ಲಿ ಕಾಫಿತೋಟಗಳು ಎದ್ದು, 1839ರಲ್ಲಿ ಬ್ರಿಟಿಷರು ಯೆಮನ್‌ನ ಇನ್ನೊಂದು ಬಂದರಾದ ಏಡನ್ನನ್ನು ವಶಪಡಿಸಿಕೊಂಡು ವ್ಯಾಪಾರ ಅತ್ತ ಸರಿದ ಮೇಲೆ ಊರು ಸೊರಗಿತು, ಹವಳಕಲ್ಲು ಮತ್ತು ಇಟ್ಟಿಗೆಯ ಆ ಮನೆಗಳು ಕುಸಿದವು. ಊರಿನ ಪೋಷಕ ಸಂತ ಶಾದಿಲಿಯವರ ಬಿಳಿಯ ಮಸೀದಿ ಇಂದಿಗೂ ಅಲ್ಲಿ ನಿಂತಿದೆ.

ಬಾಬಾ ಬುಡನ್ ಏಳು ಬೀಜಗಳನ್ನು ಚಂದ್ರದ್ರೋಣ ಪರ್ವತಕ್ಕೆ ತಂದದ್ದು ಇದೇ ಮೋಖಾದಿಂದ ಎಂದು ನಮ್ಮ ಜನ ನಂಬಿದ್ದಾರೆ. ಆದ್ದರಿಂದಲೇ ಆ ಬರಹವನ್ನು ತಿದ್ದಬೇಕೆಂದು ಅಂಗಡಿಯವರಲ್ಲಿ ಕೇಳಿಕೊಂಡೆ. ಅವರು ಗಮನವಿಟ್ಟು ಬರೆದುಕೊಂಡರು. ಕೊಳ್ಳುವವರು ಒಮ್ಮೆಗೆ ನೂರು ಗ್ರಾಂ ಮಾತ್ರ, ಅದೂ ಎದುರಿಗೇ ಪುಡಿ ಮಾಡಿಸಿಕೊಳ್ಳಲಿ.