ಪೇನ್ ಕ್ಲಿನಿಕ್ ಫಾರ್ಮಸಿ: ಮಾರ್ಫಿನ್ ಸಿಕ್ತು, ಭಾನುವಾರ ಮಾತ್ರ ಹೋಗ್ಬೇಡಿ

ನಮ್ ಮಾವ ಹೊಸೂರಿನವ್ರು, ಬಾಯಿ ಕ್ಯಾನ್ಸರು, ಟ್ರೀಟ್‌ಮೆಂಟ್ ಎಲ್ಲಾ ತಮಿಳ್ನಾಡಲ್ಲೇ ಆಗಿದ್ದು. ಹೋದ್ ತಿಂಗ್ಳು ಬನಶಂಕರಿಗೆ ನಮ್ಮನೆಗೇ ಕರ್ಕೊಂಡ್ ಬಂದ್ವಿ. ನೋವಿಗೆ ಮಾರ್ಫಿನ್ (ಅಫೀಮಿಂದ ಮಾಡೋ ಔಷಧಿ) 10 ಎಂಜಿ, ನಾಲ್ಕು ಗಂಟೆಗೊಂದು ಮಾತ್ರೆ. ಶುಕ್ರವಾರ ರಾತ್ರಿ ಡಬ್ಬಿ ತೆಗ್ದು ನೋಡಿದ್ರೆ ಎಂಟೇ ಎಂಟು ಉಳಿದಿತ್ತು.

ಶನಿವಾರ ಬೆಳಿಗ್ಗೆ ಮೂರು ಮೆಡಿಕಲ್ ಶಾಪ್ ಸುತ್ತಿದೆ. ಒಬ್ರು ಚೀಟಿ ಮುಟ್ಟಲೇ ಇಲ್ಲ, ಇನ್ನೊಬ್ರು "ತಮಿಳ್ನಾಡು ಚೀಟಿ ಇಲ್ಲಿ ನಡಿಯಲ್ಲ ಸಾರ್" ಅಂದ್ರು, ಮೂರನೇವ್ರು ಮೇಲಿಂದ ಕೆಳಗೆ ನೋಡಿದ್ ನೋಡಿದ್ರೆ ನಾನೇನೋ ಗಾಂಜಾ ಕೇಳಕ್ಕೆ ಬಂದಿದೀನಿ ಅನ್ನೋ ಹಂಗೆ. ಯಾರೋ ಹೇಳಿದ್ರು ಅಂತ ಈ ಪೇನ್ ಕ್ಲಿನಿಕ್‌ಗೆ ಬಂದೆ.

ಹಳೇ ಚೀಟಿ ತೋರ್ಸಿದ ತಕ್ಷಣ ಇಲ್ಲೂ ಕೊಡಲ್ಲ. ಮಾವನ್ನ ಆಟೋದಲ್ಲಿ ಕರ್ಕೊಂಡ್ ಬಂದು, ಹೊಸ ಫೈಲ್ ಮಾಡ್ಸಿ, ಡಾಕ್ಟ್ರು ನೋಡಿ ಅವ್ರೇ ಬರ್ದ್ಮೇಲೆ ಕೊಟ್ಟಿದ್ದು. ಡಾಕ್ಟ್ರು ಕೇಳಿದ್ ಮೊದಲ್ನೇ ಪ್ರಶ್ನೆ "ಮೋಶನ್ ಸರಿಯಾಗ್ ಆಗ್ತಿದ್ಯಾ ಅಜ್ಜಾ?" ಮಾರ್ಫಿನ್ ತಗೊಂಡ್ರೆ ಮಲಬದ್ಧತೆ ಗ್ಯಾರಂಟಿ ಅಂತೆ, ಇಷ್ಟು ದಿನ ಯಾರೂ ಹೇಳಿರ್ಲಿಲ್ಲ, ಅದಕ್ಕೂ ಒಂದು ಸಿರಪ್ ಬರ್ದ್ರು.

ಫಾರ್ಮಸಿ ಮೇಡಂಗೆ ಮಾತ್ರ ಫುಲ್ ಮಾರ್ಕ್ಸ್. ಸ್ಟೀಲ್ ಬೀರು ಬೀಗ ತೆಗ್ದು, ಸ್ಟ್ರಿಪ್ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿ, ರಿಜಿಸ್ಟರಲ್ಲಿ ಬರ್ದು, ನನ್ ಕೈಲೂ ಎಣಿಸಿದ್ರು. ಎಣಿಸ್ತಾ ಎಣಿಸ್ತಾನೇ ಹೇಳಿದ್ದು: ಮುಂಚೆ ಒಂದೊಂದು ರಾಜ್ಯಕ್ಕೆ ಒಂದೊಂದು ರೂಲು, ಆಸ್ಪತ್ರೆಗಳು ಲೈಸೆನ್ಸ್ ಮೇಲೆ ಲೈಸೆನ್ಸ್ ಮಾಡ್ಸೋದ್ರಲ್ಲೇ ಸುಸ್ತು, 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತು ಕಾಯ್ದೆ) ತಿದ್ದಿದ್ಮೇಲೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಥರ ಆರು ಔಷಧಿಗೆ ದೇಶಕ್ಕೆಲ್ಲಾ ಒಂದೇ ರೂಲು, ರಾಜ್ಯದ ಡ್ರಗ್ಸ್ ಕಂಟ್ರೋಲರ್ ಮಾನ್ಯತೆ ಕೊಟ್ಟಿರೋ ಆಸ್ಪತ್ರೆ ಇಟ್ಕೋಬೋದು. "ಚೀಟಿ ಯಾವ್ ಊರಿಂದು ಅನ್ನೋದಲ್ಲ ಸಾರ್, ಆ ಮೆಡಿಕಲ್ ಶಾಪ್‌ನವ್ರ ಹತ್ರ ಮಾಲೇ ಇರಲ್ಲ, ಏನೋ ಒಂದ್ ಹೇಳಿ ಕಳಿಸ್ತಾರೆ." ಅದನ್ನೇ ನೆಟ್ಟಗೆ ಹೇಳಿದ್ರೆ ಏನ್ ಗಂಟು ಹೋಗ್ತಿತ್ತೋ.

ನ್ಯೂಜೆರ್ಸಿಲಿರೋ ಭಾವಂಗೆ ಫೋನಲ್ಲಿ ಇದನ್ನ ಹೇಳಿದ್ರೆ, ಅಲ್ಲಿ ಈಗ್ಲೂ ರಾಜ್ಯಕ್ಕೊಂದು ಲೆಕ್ಕ ಕಣೋ ಅಂದ್ರು. ಆಪರೇಷನ್ ನೋವು ಅಂಥದ್ದಕ್ಕೆ ಮೊದಲ್ನೇ ಚೀಟಿಲಿ ಇಂಥ ಮಾತ್ರೆ ಅವ್ರ ಕಡೆ ಹೆಚ್ಚಂದ್ರೆ 5 ದಿನದ್ದು, ಮ್ಯಾಸಚೂಸೆಟ್ಸಲ್ಲಿ 7, ಫ್ಲೋರಿಡಾದಲ್ಲಿ ಸಾಮಾನ್ಯವಾಗಿ 3. ಕ್ಯಾನ್ಸರ್ ನೋವಿಗೆ ಈ ಮಿತಿ ಇಲ್ಲ, ಸದ್ಯ.

ಒಂದ್ ಸ್ಟಾರ್ ಯಾಕ್ ಕಟ್ ಮಾಡ್ದೆ ಅಂದ್ರೆ, ಕೌಂಟರ್ ಸಂಜೆ ನಾಲ್ಕೂವರೆಗೆ ಕ್ಲೋಸ್, ಭಾನುವಾರ ಇಲ್ವೇ ಇಲ್ಲ, ನೋವಿಗೆ ಭಾನುವಾರ ರಜಾ ಇರುತ್ತಾ? ವೀಲ್‌ಚೇರ್‌ಗೂ ಇಪ್ಪತ್ ನಿಮಿಷ ಕಾಯ್ಸಿದ್ರು. ಖಾಲಿ ಸ್ಟ್ರಿಪ್ ಎಸೀಬೇಡಿ, ಮುಂದಿನ್ ಸಲ ಕೇಳ್ತಾರೆ, ನಮ್ಮನೇಲಿ ಈಗ ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬಾ ಅದೇ.