ಮೂರು ವರ್ಷ ಸ್ಟಾರ್‌ಶಿಪ್ ಪ್ರಾಂಪ್ಟ್ ಬಳಸಿದ ಮೇಲೆ

ಕಂಪ್ಯೂಟರಿಗೆ ಟೈಪ್ ಮಾಡಿ ಅಪ್ಪಣೆ ಕೊಡೋ ಕಿಟಕಿ, ಅಂದರೆ ಟರ್ಮಿನಲ್ ತೆರೆದರೆ ಕರ್ಸರ್‌ಗೂ ಮುಂಚೆ ಒಂದು ತುಂಡು ಸಾಲು ಕೂತಿರುತ್ತಲ್ಲ, ಅದೇ ಪ್ರಾಂಪ್ಟ್. ಅದನ್ನು ಸಿಂಗರಿಸೋಕೆ 2022ರ ಕೊನೆಯಿಂದ ಸ್ಟಾರ್‌ಶಿಪ್ ಅನ್ನೋ ಉಚಿತ ತಂತ್ರಾಂಶ ಬಳಸ್ತಿದ್ದೀನಿ. ಹಾಕಿಕೊಂಡ ವಾರಕ್ಕೇ ಬರೆಯೋ ವಿಮರ್ಶೆ ಹೊಸ ಅಳಿಯನ ವರ್ಣನೆ ಇದ್ದ ಹಾಗೆ. ನಾಲ್ಕು ಹಬ್ಬ ಕಳೀಬೇಕು, ಗುಣ ಗೊತ್ತಾಗೋಕೆ. ಈಗ ಅಷ್ಟು ಹಬ್ಬ ಕಳೆದಿವೆ, ಬರೀತಿದ್ದೀನಿ.

ನನ್ನದು ತುಮಕೂರು. ಎಸ್.ಎಸ್. ಪುರಂನ ಮನೆಯ ಮಹಡಿ ಮೇಲೆ ಒಂದು ರೂಮು, ಅದರಲ್ಲಿ 8 ಜಿಬಿ ರ್‍ಯಾಮಿನ ಹಳೇ ಡೆಸ್ಕ್‌ಟಾಪ್, ಅದರಲ್ಲಿ ವಿಂಡೋಸ್ ಬದಲು ಉಬುಂಟು ಅನ್ನೋ ಲಿನಕ್ಸ್. ಗುಬ್ಬಿ, ಸಿರಾ, ತಿಪಟೂರು ಕಡೆಯ ಸಣ್ಣ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟು ನೋಡಿಕೊಳ್ಳೋದು ಕಸುಬು. ಬೆಳಗ್ಗೆ ಒಂಬತ್ತರಿಂದ ಟರ್ಮಿನಲ್ ಮುಂದೆ. ಹೆಂಡತಿ ಮುಖಕ್ಕಿಂತ ಜಾಸ್ತಿ ನೋಡೋದು ಪ್ರಾಂಪ್ಟನ್ನೇ, ಇದನ್ನು ಅವಳೇ ಹೇಳಿದ್ದು.

ಈ ಹುಚ್ಚು ಹಳೇದು. ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಎರಡು ಕಂಪ್ಯೂಟರ್ ತಂದು ಹಾಕಿ ‘ಕಂಪ್ಯೂಟರ್ ಸೆಂಟರ್’ ಅಂತ ಬೋರ್ಡ್ ಬದಲಾಯಿಸಿದ ಕಾಲದಲ್ಲಿ ನಾನು ಡಾಸ್ ಕಲಿತೆ. ಕಪ್ಪು ಪರದೆ ಮೇಲೆ ಸಿ, ಎರಡು ಚುಕ್ಕಿ, ಒಂದು ಓರೆಗೆರೆ, ಒಂದು ಬಾಣ. ಅದು ಹಾಗೇ ಹುಟ್ಟಿಬಂದಿದ್ದು ಅಂದ್ಕೊಂಡಿದ್ದೆ. ಒಂದು ದಿನ ಮೇಷ್ಟ್ರು ‘ಪ್ರಾಂಪ್ಟ್’ ಅಂತ ಟೈಪ್ ಮಾಡಿ ಮುಂದೆ ನನ್ನ ಹೆಸರು ಹಾಕಿ ಎಂಟರ್ ಒತ್ತಿದರು. ಸಿ ಡ್ರೈವ್ ಮಾಯ, ಆ ಜಾಗದಲ್ಲಿ ನನ್ನ ಹೆಸರು! ಅವತ್ತು ಇಡೀ ಬ್ಯಾಚು ಪಾಠ ಬಿಟ್ಟು ಅವರವರ ಹೆಸರು ಹಾಕಿಕೊಂಡು ಕೂತಿತ್ತು. ಆಗಿನ ಮಜಾ ಈಗ ಯಾವ ಥೀಮಿನಲ್ಲೂ ಸಿಕ್ಕಿಲ್ಲ.

ಲಿನಕ್ಸ್‌ಗೆ ಬಂದ ಮೇಲೆ ಬ್ಯಾಶ್ ಸಿಕ್ಕಿತು. ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಗೋಸ್ಕರ ಬ್ರಯನ್ ಫಾಕ್ಸ್ ಬರೆದು 1989ರಲ್ಲಿ ಹೊರಬಂದ ಶೆಲ್ ಅದು, ಅಂದರೆ ನಾವು ಟೈಪ್ ಮಾಡಿದ ಕಮಾಂಡನ್ನ ಓದಿ ನಡೆಸೋ ತಂತ್ರಾಂಶ. ಬಹುತೇಕ ಲಿನಕ್ಸ್‌ಗಳಲ್ಲಿ ಇವತ್ತಿಗೂ ಮೊದಲು ಎದುರಾಗೋದು ಅದೇ. ಅದರ ಪ್ರಾಂಪ್ಟ್ ಇರೋದು ಪಿಎಸ್1 ಅನ್ನೋ ಒಂದು ವೇರಿಯಬಲ್‌ನಲ್ಲಿ. ಬ್ಯಾಕ್‌ಸ್ಲ್ಯಾಶ್ ಹಾಕಿ ಸಣ್ಣ ಯು ಬರೆದರೆ ಬಳಕೆದಾರನ ಹೆಸರು, ಸಣ್ಣ ಎಚ್ ಬರೆದರೆ ಯಂತ್ರದ ಹೆಸರು, ಸಣ್ಣ ಡಬ್ಲ್ಯು ಆದರೆ ಫೋಲ್ಡರಿನ ಪೂರ್ತಿ ದಾರಿ, ದೊಡ್ಡ ಡಬ್ಲ್ಯು ಆದರೆ ಕೊನೇ ಫೋಲ್ಡರ್ ಮಾತ್ರ. ಬ್ಯಾಕ್‌ಸ್ಲ್ಯಾಶ್ ಮತ್ತು ಡಾಲರ್ ಸೇರಿದರೆ ಮಾಮೂಲಿ ಬಳಕೆದಾರನಿಗೆ $ ಬರುತ್ತೆ, ಯಂತ್ರದ ಪೂರ್ತಿ ಅಧಿಕಾರ ಇರೋ ರೂಟ್‌ಗೆ # ಬರುತ್ತೆ. ಬ್ಯಾಶ್ ಶುರುವಾದಾಗ ಓದೋ ಬ್ಯಾಶ್‌ಆರ್‌ಸಿ ಫೈಲಿನ ಕೊನೇಲಿ ಈ ಒಂದು ಸಾಲು ಸೇರಿಸಿದರೆ ಮುಗೀತು.

ಬಣ್ಣ ಹಾಕೋಕೆ ಹೋದಾಗಲೇ ತಲೆನೋವು ಶುರು. ಬಣ್ಣದ ಕೋಡುಗಳು ಗೊತ್ತಾದವು, 31 ಕೆಂಪು, 32 ಹಸಿರು, 34 ನೀಲಿ. ಹಾಕಿದೆ, ಚೆಂದ ಬಂತು. ಆದರೆ ಸ್ವಲ್ಪ ಉದ್ದದ ಕಮಾಂಡ್ ಬರೆದರೆ ಅದು ಮುಂದಿನ ಸಾಲಿಗೆ ಇಳಿಯೋ ಬದಲು ಅದೇ ಸಾಲಿನ ತಲೆಗೆ ವಾಪಸ್ ಬಂದು ಪ್ರಾಂಪ್ಟ್ ಮೇಲೇ ಹರಡಿಕೊಳ್ಳೋದು. ಮೇಲಿನ ಬಾಣ ಒತ್ತಿ ಹಳೇ ಕಮಾಂಡ್ ತೆಗೆದರೆ ಹಿಂದಿನದರ ನಾಲ್ಕು ಅಕ್ಷರ ಅಳಿಯದೆ ದೆವ್ವದ ಹಾಗೆ ಉಳಿಯೋದು. ಮಾನಿಟರ್ ಕೇಬಲ್ ಕೂಡ ಬದಲಾಯಿಸಿದೆ, ನಗಬೇಡಿ. ಕಾರಣ ಇಷ್ಟೇ: ಬಣ್ಣದ ಕೋಡ್ ಪರದೆ ಮೇಲೆ ಕಾಣಲ್ಲ, ಆದರೆ ಬ್ಯಾಶ್ ಅದನ್ನೂ ಅಕ್ಷರ ಅಂತಲೇ ಎಣಿಸುತ್ತೆ. ಸಾಲು ಎಲ್ಲಿ ಮುಗೀತು ಅನ್ನೋ ಲೆಕ್ಕ ಅಲ್ಲಿಗೆ ತಪ್ಪಿಹೋಗುತ್ತೆ. ಪ್ರತಿ ಬಣ್ಣದ ಕೋಡಿನ ಆ ಕಡೆ ಈ ಕಡೆ ಬ್ಯಾಕ್‌ಸ್ಲ್ಯಾಶ್ ಸಮೇತ ಚೌಕದ ಆವರಣ ಹಾಕಿ ‘ಇದನ್ನು ಎಣಿಸಬೇಡ’ ಅಂತ ಹೇಳಬೇಕು. ಕೈಯಲ್ಲೇ ಪಿಎಸ್1 ಬರೆಯೋ ಹತ್ತು ಜನರಲ್ಲಿ ಒಂಬತ್ತು ಜನ ಇಲ್ಲಿ ಒಂದ್ಸಲ ಎಡವೇ ಎಡವುತ್ತಾರೆ ಅಂತ ನನ್ನ ಅಂದಾಜು.

ಆಮೇಲೆ ನನಗೆ ಸರಳತೆಯ ಹುಚ್ಚು ಹಿಡೀತು. ಬಣ್ಣ ಬೇಡ, ಹೆಸರು ಬೇಡ, ಕೊನೇ ಫೋಲ್ಡರಿನ ಹೆಸರು ಮತ್ತು ಒಂದು ಡಾಲರ್ ಸಾಕು ಅಂತ ಎಲ್ಲಾ ಕಡೆ ಅದನ್ನೇ ಹಾಕಿದೆ. ಎಲ್ಲಾ ಕಡೆ ಅಂದರೆ ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಸರ್ವರ್‌ನಲ್ಲೂ.

ಒಂದು ಸಂಜೆ ಎರಡು ಕಿಟಕಿ ತೆರೆದಿದ್ದೆ. ಒಂದರಲ್ಲಿ ನನ್ನ ಡೆಸ್ಕ್‌ಟಾಪ್, ಇನ್ನೊಂದರಲ್ಲಿ, ದೂರದ ಯಂತ್ರದೊಳಗೆ ಹೋಗೋಕೆ ಇರೋ ಎಸ್‌ಎಸ್‌ಎಚ್ ಮೂಲಕ, ಮಂಡಿಯ ಸರ್ವರ್. ಎರಡರಲ್ಲೂ ಬಿಲ್ಲುಗಳಿರೋ ‘ಪಟ್ಟಿ’ ಅನ್ನೋ ಫೋಲ್ಡರ್, ಪಕ್ಕದಲ್ಲಿ ಡಾಲರ್. ಪರೀಕ್ಷೆಗೆ ಅಂತ ತುಂಬಿಸಿದ್ದ ಸುಳ್ಳು ಪಟ್ಟಿಗಳನ್ನ ಅಳಿಸೋಣ ಅಂತ ಆರ್‌ಎಂ ಹೊಡೆದೆ. ಎರಡು ನಿಮಿಷಕ್ಕೆ ಫೋನು.

“ಅಣ್ಣ, ಇವತ್ತಿನ ಪಟ್ಟಿ ಒಂದೂ ಕಾಣ್ತಿಲ್ಲ ಕಣಣ್ಣ. ರೈತರು ಮುಂದೆ ನಿಂತವ್ರೆ.”

ಮಂಡಿಯ ಗುಮಾಸ್ತ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಮಾನ ಉಳೀತು. ಆದರೆ ಆ ದಿನದ ನಲವತ್ತು ಚಿಲ್ಲರೆ ಪಟ್ಟಿಗಳನ್ನ ಆ ಹುಡುಗ ಕಾರ್ಬನ್ ಪ್ರತಿ ನೋಡ್ಕೊಂಡು ರಾತ್ರಿ ಹತ್ತರವರೆಗೆ ಮತ್ತೆ ಟೈಪ್ ಮಾಡಿದ. ತಪ್ಪು ಸರ್ವರಿನದಲ್ಲ, ಮಂಡಿಯವರದಲ್ಲ, ಪೂರ್ತಿ ನನ್ನದು. ಅವತ್ತೇ ಗೊತ್ತಾಗಿದ್ದು, ಪ್ರಾಂಪ್ಟ್ ಅಂದ್ರೆ ಬಸ್ಸಿನ ಬೋರ್ಡು ಅಂತ. ಅದರ ಮೇಲೆ ಹೂವಿನ ಚಿತ್ರ ಇಲ್ಲದಿದ್ದರೂ ನಡೆಯುತ್ತೆ, ಊರಿನ ಹೆಸರು ಇರಲೇಬೇಕು.

ಸ್ಟಾರ್‌ಶಿಪ್‌ಗೆ ಬಂದಿದ್ದು ಇದಾದ ಮೇಲೆ. ರಸ್ಟ್ ಭಾಷೆಯಲ್ಲಿ ಬರೆದ ಒಂದೇ ಒಂದು ಬೈನರಿ, ಅಂದರೆ ನೇರ ಓಡಿಸಬಹುದಾದ ಫೈಲು. ಬ್ಯಾಶ್, ಝಡ್‌ಶೆಲ್, ಫಿಶ್, ವಿಂಡೋಸಿನ ಪವರ್‌ಶೆಲ್ ಹೀಗೆ ಬೇರೆ ಬೇರೆ ಶೆಲ್‌ಗಳಿಗೂ ಹೊಂದುತ್ತೆ. ಬ್ಯಾಶ್‌ಆರ್‌ಸಿ ಕೊನೇಲಿ ಒಂದು ಸಾಲು ಸೇರಿಸಿದರೆ ಶುರು. ಹೊಂದಿಕೆಯೆಲ್ಲ ಕಾನ್ಫಿಗ್ ಫೋಲ್ಡರಿನ ಟಾಮ್ಲ್ ಅನ್ನೋ ಬಗೆಯ ಒಂದು ಅಕ್ಷರದ ಫೈಲಿನಲ್ಲಿ. ಆವರಣ ಮರೆತೆ, ಸಾಲು ಕೆಟ್ಟಿತು ಅನ್ನೋ ರಗಳೆ ಇಲ್ಲ, ಆ ಲೆಕ್ಕ ಅದೇ ನೋಡಿಕೊಳ್ಳುತ್ತೆ.

ಮೊದಲ ವಾರ ಸಿನಿಮಾ. ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಇರೋ ಫೋಲ್ಡರಿಗೆ ಹೋದರೆ ಬ್ರಾಂಚಿನ, ಅಂದರೆ ಕೆಲಸ ನಡೀತಿರೋ ಕವಲಿನ ಹೆಸರು, ಪೈಥಾನ್ ಫೈಲಿದ್ದರೆ ಹಾವಿನ ಚಿತ್ರ ಮತ್ತು ಆವೃತ್ತಿ ಸಂಖ್ಯೆ, ನೋಡ್.ಜೆಎಸ್ ಇದ್ದರೆ ಅದರದ್ದು. ಹೇಳಿದ್ದು ಕೇಳಿದ್ದು ಎಲ್ಲಾ ಆನ್ ಮಾಡಿ ಪ್ರಾಂಪ್ಟನ್ನ ಜಾತ್ರೆ ತೇರು ಮಾಡಿಟ್ಟೆ. ತಿಂಗಳು ಕಳೆಯೋದ್ರೊಳಗೆ ಕಣ್ಣು ಅದ್ಯಾವುದನ್ನೂ ನೋಡ್ತಿರಲಿಲ್ಲ. ಒಂದೊಂದಾಗಿ ಕಿತ್ತೆ. ಮೂರು ವರ್ಷದಲ್ಲಿ ನನ್ನ ಟಾಮ್ಲ್ ಫೈಲು ಬೆಳೆದಿದ್ದಕ್ಕಿಂತ ಕರಗಿದ್ದೇ ಹೆಚ್ಚು.

ಉಳಿದಿದ್ದರಲ್ಲಿ ನಾನು ಬಿಡಲಾರದ್ದು ಕಮಾಂಡ್ ತಗೊಂಡ ಸಮಯ. ಎರಡು ಸೆಕೆಂಡಿಗಿಂತ ಜಾಸ್ತಿ ಓಡಿದ ಕಮಾಂಡ್ ಮುಗಿದಾಗ ಎಷ್ಟು ಹೊತ್ತಾಯ್ತು ಅಂತ ಪ್ರಾಂಪ್ಟಿನಲ್ಲೇ ಬರುತ್ತೆ. ನಾನೇನೂ ಕೇಳಬೇಕಿಲ್ಲ. ಮಂಡಿಯ ತಿಂಗಳ ವರದಿ ತಯಾರಾಗೋಕೆ ಮೊದಲು 9 ಸೆಕೆಂಡ್ ಹಿಡೀತಿತ್ತು. ಒಂದಿನ 41 ಸೆಕೆಂಡ್ ಅಂತ ಬಂತು. ಸಮಯ ಕಣ್ಣಿಗೆ ಬೀಳದೇ ಇದ್ದಿದ್ದರೆ ‘ಇವತ್ತು ಸ್ವಲ್ಪ ನಿಧಾನ’ ಅಂದ್ಕೊಂಡು ಕಾಫಿಗೆ ಎದ್ದು ಹೋಗ್ತಿದ್ದೆ. ನೋಡಿದರೆ ಬೇಗ ಹುಡುಕೋಕೆ ಡೇಟಾಬೇಸ್ ಇಟ್ಟುಕೊಳ್ಳೋ ಒಂದು ಇಂಡೆಕ್ಸ್ ಹೋಗಿತ್ತು. ಹಾಗಂತ ಇದನ್ನ ಗಡಿಯಾರದ ಜೊತೆ ಗೊಂದಲ ಮಾಡ್ಕೋಬೇಡಿ. ಪ್ರಾಂಪ್ಟಿನಲ್ಲಿ ಗಡಿಯಾರ ಹಾಕಿದರೆ ಅದು ತೋರಿಸೋದು ಪ್ರಾಂಪ್ಟ್ ಮೂಡಿದ ಸಮಯ, ಕಮಾಂಡ್ ಶುರುವಾದ ಸಮಯ ಅಲ್ಲ. ಊಟಕ್ಕೆ ಹೋಗಿ ಬಂದು ಕಮಾಂಡ್ ಹೊಡೆದರೆ ಪಕ್ಕದಲ್ಲಿ ಊಟಕ್ಕೆ ಮುಂಚಿನ ಸಮಯ ಕೂತಿರುತ್ತೆ. ಒಂದು ಖಾಲಿ ಎಂಟರ್ ಒತ್ತಿ ಆಮೇಲೆ ಬರೆಯೋ ಅಭ್ಯಾಸ ಮಾಡ್ಕೊಳ್ಳಬೇಕು.

ಇನ್ನೊಂದು, ಕೊನೆಯ ಬಾಣದ ಗುರುತು. ಹಿಂದಿನ ಕಮಾಂಡ್ ಸರಿಯಾಗಿ ಮುಗಿದಿದ್ದರೆ ❯ ಹಸಿರು, ಸೋತಿದ್ದರೆ ಕೆಂಪು. ಕೆಲವು ಕಮಾಂಡ್‌ಗಳು ಸೋತರೂ ತುಟಿ ಬಿಚ್ಚಲ್ಲ, ಆಗ ಈ ಕೆಂಪೇ ಸಾಕ್ಷಿ. ಗಿಟ್ ಕಡೆ, ಬದಲಾದ ಫೈಲಿಗೆ ! ಮತ್ತು ಗಿಟ್‌ಗೆ ಇನ್ನೂ ಸೇರಿಸದ ಫೈಲಿಗೆ ? ಬರುತ್ತೆ. ಕಮಿಟ್ ಮಾಡದೆ, ಅಂದರೆ ಬದಲಾವಣೆ ಗಿಟ್‌ನಲ್ಲಿ ದಾಖಲಿಸದೆ ಮನೆಯಿಂದ ಹೊರಡೋದು ಕಮ್ಮಿಯಾಗಿದೆ.

ಈಗ ಬೈಗುಳ. ನನ್ನ ಹಳೇ ಪ್ರಾಜೆಕ್ಟುಗಳೆಲ್ಲ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿವೆ. ಅದರೊಳಗಿನ ಒಂದು ದೊಡ್ಡ ಗಿಟ್ ಫೋಲ್ಡರಿಗೆ ಕಾಲಿಟ್ಟರೆ ಪ್ರಾಂಪ್ಟ್ ಅರೆಗಳಿಗೆ ಉಸಿರು ಕಟ್ಟಿ ನಿಲ್ಲುತ್ತೆ. ಆಮೇಲೆ ಗಿಟ್ ಸಮಯ ಮೀರಿತು ಅಂತ ಹಳದಿ ಎಚ್ಚರಿಕೆ. ಸ್ಟಾರ್‌ಶಿಪ್ ತಾನು ಓಡಿಸೋ ಕಮಾಂಡ್‌ಗೆ 500 ಮಿಲಿಸೆಕೆಂಡ್ ಗಡುವು ಇಟ್ಟಿದೆ. ಡಿಸ್ಕ್ ಅಷ್ಟರಲ್ಲಿ ನಿದ್ದೆಯಿಂದ ಎದ್ದಿರಲ್ಲ. ಗಡುವು ಜಾಸ್ತಿ ಮಾಡಬಹುದು, ಆದರೆ ಆಗ ಪ್ರತಿ ಎಂಟರ್‌ಗೂ ಅಷ್ಟು ಕಾಯಬೇಕಾಗಬಹುದು. ‘ಸ್ಟಾರ್‌ಶಿಪ್ ಟೈಮಿಂಗ್ಸ್’ ಅಂತ ಓಡಿಸಿದರೆ ಪ್ರಾಂಪ್ಟಿನ ಯಾವ ಭಾಗ ಎಷ್ಟು ಮಿಲಿಸೆಕೆಂಡ್ ತಿಂತು ಅಂತ ಪಟ್ಟಿ ಕೊಡುತ್ತೆ. ನನ್ನಲ್ಲಿ ಕಳ್ಳ ಗಿಟ್ ಸ್ಟೇಟಸ್ ಒಂದೇ. ಕೊನೆಗೆ ಕೆಲಸ ನಡೀತಿರೋ ಪ್ರಾಜೆಕ್ಟುಗಳನ್ನ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕಿಗೆ ಎತ್ತಿಕೊಂಡೆ. ಕೈಬರಹದ ಪಿಎಸ್1ನಲ್ಲಿ ಈ ಕಾಟವೇ ಇರಲಿಲ್ಲ ಅನ್ನೋದನ್ನೂ ಹೇಳಬೇಕು.

ಎರಡನೇದು ಫಾಂಟು. ಚಿತ್ರದ ಗುರುತುಗಳೂ ಸೇರಿರೋ ನೆರ್ಡ್ ಫಾಂಟ್ ಹಾಕದಿದ್ದರೆ ಬ್ರಾಂಚಿನ ಚಿತ್ರದ ಜಾಗದಲ್ಲಿ ಖಾಲಿ ಡಬ್ಬಿ ಕಾಣುತ್ತೆ. ಹೊಸಬರು ಸೋತು ಬಿಡೋದು ಇಲ್ಲೇ. ಆ ಫಾಂಟ್ ಇಲ್ಲದೆ ನಡೆಯೋ ಸಿದ್ಧ ಜೋಡಣೆಯನ್ನೂ ಸ್ಟಾರ್‌ಶಿಪ್‌ನವರೇ ಕೊಟ್ಟಿದ್ದಾರೆ, ನಾನು ಅದರಲ್ಲೇ ಇದ್ದೀನಿ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಹೊಳೆಯಲ್ಲ. ಡೆಸ್ಕ್‌ಟಾಪಿನಲ್ಲಿ ಎಷ್ಟೇ ಚೆಂದದ ಪ್ರಾಂಪ್ಟ್ ಇದ್ದರೂ ಎಸ್‌ಎಸ್‌ಎಚ್ ಮಾಡಿ ಆ ಕಡೆ ಹೋದ ಕೂಡಲೇ ಕಾಣೋದು ಆ ಯಂತ್ರದ ಪ್ರಾಂಪ್ಟು. ನಿಮ್ಮ ಸ್ಟಾರ್‌ಶಿಪ್ ಜೊತೆಗೆ ಬರಲ್ಲ. ಪಕ್ಕದ ಮನೆಗೆ ಹೋದರೆ ಅವರ ಬಾಗಿಲ ರಂಗೋಲಿ ತಾನೆ ತುಳೀಬೇಕು? ಅಂದರೆ ನನ್ನ ಅಸಲಿ ರೋಗಕ್ಕೆ ಸ್ಟಾರ್‌ಶಿಪ್ ಮದ್ದೇ ಅಲ್ಲ. ಗಿರಾಕಿಗಳ ಸರ್ವರ್‌ನಲ್ಲಿ ಅದನ್ನ ಹಾಕೋಕೆ ನನಗೆ ಮನಸ್ಸೂ ಇಲ್ಲ. ಅಲ್ಲಿ ಹೊರಗಿನ ವಸ್ತು ಎಷ್ಟು ಕಮ್ಮಿ ಇದ್ದರೆ ಅಷ್ಟು ನೆಮ್ಮದಿ. ಅಲ್ಲೆಲ್ಲ ಹಳೇ ಪಿಎಸ್1ನ್ನೇ ಕೈಯಲ್ಲಿ ಬರೆದಿದ್ದೀನಿ, ಕೆಂಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ, ಯಂತ್ರದ ಹೆಸರು, ಫೋಲ್ಡರಿನ ಪೂರ್ತಿ ದಾರಿ. ಕುರೂಪಿ, ಆದರೆ ಕಣ್ಣು ತಪ್ಪಿಸಿಕೊಳ್ಳೋಕಾಗಲ್ಲ. ಇದನ್ನು ಬರೆಯೋಕೆ ಹತ್ತು ನಿಮಿಷ ಸಾಕಾಯ್ತು, ಬುದ್ಧಿ ಬರೋಕೆ ಮಾತ್ರ ಅಷ್ಟು ವರ್ಷ.

ನನ್ನ ಅಕ್ಕನ ಮಗ ಇಲ್ಲೇ ಎಂಜಿನಿಯರಿಂಗ್ ಓದ್ತಿದ್ದಾನೆ. ಅವನದು ಝಡ್‌ಶೆಲ್, ಅದರ ಮೇಲೆ ಅದನ್ನ ಸಿಂಗರಿಸೋ ಓ ಮೈ ಝಡ್‌ಶೆಲ್, ಅದರ ಮೇಲೆ ಪವರ್‌ಲೆವೆಲ್10ಕೆ ಥೀಮು. “ಮಾವ, ನಿಮ್ದು ಯಾಕಿಷ್ಟು ಬೋಳು?” ಅಂತಾನೆ. ವೇಗದಲ್ಲಿ ಅವನ ಥೀಮು ನನ್ನದಕ್ಕಿಂತ ಮೇಲು, ಒಪ್ಪಲೇಬೇಕು. ಅದೇ ಹಾರ್ಡ್ ಡಿಸ್ಕ್ ಅವನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದ್ವಿ. ಪ್ರಾಂಪ್ಟ್ ತಟ್ಟನೆ ಬಂತು, ಗಿಟ್ ವಿವರ ಆಮೇಲೆ ತಾನಾಗಿ ಬಂದು ಸೇರಿಕೊಂಡಿತು. ಸ್ಟಾರ್‌ಶಿಪ್‌ಗೆ ಈ ಜಾಣತನ ಇಲ್ಲ, ಎಲ್ಲಾ ಸಿದ್ಧವಾಗೋವರೆಗೂ ಕಾಯಿಸುತ್ತೆ. ಆದರೆ ಅವನ ಥೀಮನ್ನ ಬರೆದವರೇ ಇನ್ನು ಹೊಸ ಸೌಲಭ್ಯ ಸೇರಿಸಲ್ಲ, ಹೆಚ್ಚಿನ ದೋಷಗಳೂ ಸರಿಯಾಗಲ್ಲ ಅಂತ ಹೇಳಿಬಿಟ್ಟಿದ್ದಾರೆ. ಜೊತೆಗೆ ಅದು ಝಡ್‌ಶೆಲ್‌ಗೆ ಮಾತ್ರ. ಇಪ್ಪತ್ತು ವರ್ಷದ ಬ್ಯಾಶ್ ಕೈಬಳಕೆ ಬಿಟ್ಟು ಈಗ ಎಲ್ಲಿಗೆ ಹೋಗಲಿ?

ಅಂಕ ಕೇಳಿದರೆ ಐದಕ್ಕೆ ಮೂರೂವರೆ. ಅರ್ಧ ಅಂಕ ಹಾರ್ಡ್ ಡಿಸ್ಕಿಗೆ, ಇನ್ನೊಂದು ಕನ್ನಡಕ್ಕೆ ಕತ್ತರಿಸಿದ್ದು. ಕನ್ನಡದ್ದು ಪಾಪ ಪೂರ್ತಿ ಅದರ ತಪ್ಪಲ್ಲ. ಟರ್ಮಿನಲ್ ಅಂದರೆ ಚೌಕಳಿ ಕಾಗದ, ಒಂದು ಮನೆಗೆ ಒಂದು ಅಕ್ಷರ ಅನ್ನೋ ಲೆಕ್ಕ. ನಮ್ಮ ಒತ್ತು, ಕೊಂಬು, ದೀರ್ಘ ಆ ಮನೆಯೊಳಗೆ ಹಿಡಿಸಲ್ಲ. ‘ತಿಪಟೂರು’ ಅಂತ ಫೋಲ್ಡರ್ ಮಾಡಿ ಒಳಗೆ ಹೋದರೆ ನನ್ನ ಟರ್ಮಿನಲ್‌ನಲ್ಲಿ ಕರ್ಸರ್ ಒಂದು ಕಡೆ, ಅಕ್ಷರ ಮೂಡೋದು ಇನ್ನೊಂದು ಕಡೆ. ಉಳಿದ ಅರ್ಧ ಅಂಕ ಯಾಕೆ ಕಡಿದೆ ಅಂದರೆ, ಪೂರ್ತಿ ಕೊಟ್ಟರೆ ಅಕ್ಕನ ಮಗ ಬಿಡಲ್ಲ.

ಆದರೂ ಮಂಡಿಯ ಸರ್ವರ್‌ಗೆ ಒಂದು ಕನ್ನಡ ಹೆಸರು ಹಾಕಲೇಬೇಕು ಅನ್ನೋ ಹಟ ಇತ್ತು. ಒತ್ತಿಲ್ಲದ, ಗುಣಿತವೂ ಇಲ್ಲದ ಪದ ಹುಡುಕಿದೆ. ‘ದರ’ ಹಾಕಿದರೆ ರೇಟು ಅಂದ್ಕೊತಾರೆ, ‘ಸರ’ ಅಂದರೆ ಚಿನ್ನದಂಗಡಿ. ಕೊನೆಗೆ ‘ಕಣ’ ಅಂತ ಇಟ್ಟೆ. ಎರಡೇ ಅಕ್ಷರ, ಒಂಚೂರು ಒತ್ತರಿಸಿಕೊಂಡು ಕೂತರೂ ಓದೋಕೆ ಬರುತ್ತೆ. ಈಗ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಓಡಿಸೋದು ಅದೇ ಗುಮಾಸ್ತ. ಎಂಟರ್ ಒತ್ತೋ ಮುಂಚೆ ಇವತ್ತಿಗೂ ಒಂದ್ಸಲ ಫೋನ್ ಮಾಡ್ತಾನೆ.

“ಅಣ್ಣ, ಕೆಂಪಗೆ ಕಣ ಅಂತ ಬಂದೈತೆ. ಹೊಡೀಲಾ?”

“ಹೊಡಿಯಪ್ಪ.”